ನಗರಸಭೆ ಮತ್ತು ನಗರದ ನಕ್ಷೆ: ಒಂದು ಚಾರಿತ್ರಿಕ ಅವಲೋಕನ

ಎರಡು ವರ್ಷಗಳ ಹಿಂದಿನ ಮಾತು. ನಮ್ಮೂರಿನ ಹಳೆಯ ಪೇಟೆಬೀದಿಯಲ್ಲಿ ನಾಲ್ಕು ತಲೆಮಾರುಗಳಿಂದ ವಾಸವಾಗಿರುವ ಹಿರಿಯರೊಬ್ಬರು ಬಟ್ಟೆಯಲ್ಲಿ ಸುತ್ತಿದ ಕಾಗದದ ಕಟ್ಟೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. ಅದರಲ್ಲಿ ಅವರ ಮುತ್ತಜ್ಜನ ಕಾಲದ ಕ್ರಯಪತ್ರವಿತ್ತು. ಹಳೆಯ ಕೈಬರಹ ನನಗೆ ಓದಲು ಬರುತ್ತದೆಂಬ ನಂಬಿಕೆಯಿಂದ, “ಮೇಷ್ಟ್ರೇ, ನಮ್ಮ ಬೀದಿ ಎಷ್ಟು ಅಗಲ ಅಂತ ಇದರಲ್ಲಿ ಎಲ್ಲಾದರೂ ಬರೆದಿದೆಯೇ, ಸ್ವಲ್ಪ ನೋಡಿ ಹೇಳಿ” ಎಂದರು. ಪತ್ರದ ಚೆಕ್ಕುಬಂದಿಯನ್ನು ಓದಿದೆ. ಪೂರ್ವಕ್ಕೆ ಪೇಟೆಬೀದಿ, ಪಶ್ಚಿಮಕ್ಕೆ ಹಿತ್ತಲ ಬಾವಿ, ಉತ್ತರಕ್ಕೆ ಬಸದಿಯ ಗೋಡೆ, ದಕ್ಷಿಣಕ್ಕೆ ಓಣಿ ಎಂದಿತ್ತು. ಮನೆಯ ಉದ್ದಗಲಗಳನ್ನು ಮೊಳದ ಲೆಕ್ಕದಲ್ಲಿ ಬರೆದಿದ್ದರು. ಬೀದಿಯ ಅಗಲ ಮಾತ್ರ ಎಲ್ಲಿಯೂ ಇರಲಿಲ್ಲ. ಪತ್ರ ಬರೆದ ಕಾಲದಲ್ಲಿ ಅದು ಊರಿಗೆಲ್ಲ ತಿಳಿದಿದ್ದ ಸಂಗತಿಯಾದ್ದರಿಂದ ಬರೆಯುವ ಅಗತ್ಯ ಯಾರಿಗೂ ತೋರಿರಲಿಲ್ಲ.

ಮರುವಾರ ನಗರಸಭೆಯ ಸಾಮಾನ್ಯ ಸಭೆಯಿತ್ತು. ಕಾರ್ಯಸೂಚಿಯಲ್ಲಿ ಎರಡು ಮುಖ್ಯ ವಿಷಯಗಳಿದ್ದವು. ಮೊದಲನೆಯದು, ವಾಹನಸಂಚಾರದ ಒತ್ತಡವನ್ನು ನಿವಾರಿಸಲು ಪೇಟೆಬೀದಿಯನ್ನು ಅಗಲಗೊಳಿಸುವುದು. ಎರಡನೆಯದು, ಬಸ್ ನಿಲ್ದಾಣದ ಬಳಿಯ ವಸತಿ ಜಾಗವೊಂದನ್ನು ವಾಣಿಜ್ಯ ಬಳಕೆಗೆ ಬದಲಾಯಿಸುವ ಕೋರಿಕೆ. ಹಿರಿಯರೊಡನೆ ನಾನೂ ಹೋಗಿ ಸಾರ್ವಜನಿಕರ ಬೆಂಚಿನಲ್ಲಿ ಕುಳಿತೆ. ಸದಸ್ಯರು ಎರಡು ಗಂಟೆಗಳ ಕಾಲ ವಾದಿಸಿದರು. ಕೊನೆಗೆ ಅಧಿಕಾರಿಗಳು ಎದ್ದು ನಿಂತು, ರಸ್ತೆಯ ಅಗಲವು ಮಹಾಯೋಜನೆಯಲ್ಲಿ ನಿಗದಿಯಾಗಿದೆ, ಮಹಾಯೋಜನೆ ಪ್ರಾಧಿಕಾರದ್ದು, ಭೂಬಳಕೆಯ ಬದಲಾವಣೆಯೂ ಪ್ರಾಧಿಕಾರ ಮತ್ತು ಸರ್ಕಾರಕ್ಕೆ ಸೇರಿದ್ದು, ಸಭೆಯು ತನ್ನ ಅಭಿಪ್ರಾಯವನ್ನು ಕಳುಹಿಸಬಹುದು ಎಂದು ವಿವರಿಸಿದರು. ಆಗ ಹಿಂದಿನ ಸಾಲಿನಲ್ಲಿದ್ದ ಸದಸ್ಯೆಯೊಬ್ಬರು, “ಹಾಗಾದರೆ ನಾವಿಲ್ಲಿ ಕೂತು ಏನು ಮಾಡಬೇಕು ಸ್ವಾಮಿ?” ಎಂದು ಕೇಳಿದರು. ಕೆಲವರು ನಕ್ಕರು. ಉತ್ತರ ಬರಲಿಲ್ಲ.

ಆ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ. ಊರಿನ ಚರಂಡಿ, ಕಸ, ಬೀದಿದೀಪಗಳ ಹೊಣೆಯನ್ನು ಹೊತ್ತ ಸಭೆಗೆ ಊರಿನ ನಕ್ಷೆಯ ಮೇಲೆ ಅಧಿಕಾರವಿಲ್ಲದ ಸ್ಥಿತಿ ಹೇಗೆ ಬಂತು? ಇದು ಮೊದಲಿನಿಂದಲೂ ಹೀಗೆಯೇ ಇತ್ತೇ? ಈ ಪ್ರಶ್ನೆಗಳನ್ನು ಬೆಂಗಳೂರಿನ ಇತಿಹಾಸದ ಮೂಲಕ ಪರಿಶೀಲಿಸುವುದು ಇಲ್ಲಿಯ ಉದ್ದೇಶ. ಕರ್ನಾಟಕದ ಇತರ ಪಟ್ಟಣಗಳ ಕಥೆಯೂ ಬಹುಮಟ್ಟಿಗೆ ಇದೇ ಜಾಡಿನಲ್ಲಿ ಸಾಗಿದೆ.

‘ನಕರ’ ಎಂಬ ಶಬ್ದ

ಮೊದಲು ಒಂದು ಶಬ್ದವನ್ನು ಗಮನಿಸಬೇಕು. ನಮ್ಮ ಮಧ್ಯಕಾಲೀನ ಶಾಸನಗಳಲ್ಲಿ ‘ನಕರ’ ಅಥವಾ ‘ನಖರ’ ಎಂಬ ಶಬ್ದ ಮತ್ತೆ ಮತ್ತೆ ಬರುತ್ತದೆ. ಅದು ಸಂಸ್ಕೃತದ ‘ನಗರ’ ಶಬ್ದದಿಂದ ಬಂದ ರೂಪ. ಆದರೆ ಹಲವು ಶಾಸನಗಳಲ್ಲಿ ಅದರ ಅರ್ಥ ಮನೆಮಠಗಳ ಸಮೂಹವಾದ ಊರಲ್ಲ. ಊರಿನ ವರ್ತಕರ ಸಂಘ. ಊರನ್ನು ಸೂಚಿಸುವ ಶಬ್ದವೇ ಊರಿನ ಪರವಾಗಿ ಕೂಡಿ ನಿರ್ಧರಿಸುವ ಜನರನ್ನೂ ಸೂಚಿಸುತ್ತಿತ್ತು ಎಂಬುದು ಗಮನಾರ್ಹ. ಈ ಸಂಘದ ಮುಖ್ಯಸ್ಥನಿಗೆ ಪಟ್ಟಣಸ್ವಾಮಿ ಎಂಬ ಪದವಿಯಿತ್ತು.

ಹುಂಚದ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯ ಹೆಸರು ಶಾಸನಾಭ್ಯಾಸಿಗಳಿಗೆ ಚಿರಪರಿಚಿತ. ಸಾಂತರ ಅರಸರ ಆ ರಾಜಧಾನಿಯಲ್ಲಿ ಅವನು 1062ರಲ್ಲಿ ಕಟ್ಟಿಸಿದ ಬಸದಿ ಪಟ್ಟಣಸ್ವಾಮಿ ಜಿನಾಲಯವೆಂದೇ ಹೆಸರಾಯಿತು. ಅವನು ಕೆರೆಗಳನ್ನೂ ಕಟ್ಟಿಸಿದವನು. ಶ್ರವಣಬೆಳಗೊಳದ ನಗರ ಜಿನಾಲಯವನ್ನು ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ನಾಗದೇವ ಇಮ್ಮಡಿ ಬಲ್ಲಾಳನ ಮಂತ್ರಿಯಾಗಿದ್ದಂತೆ ಪಟ್ಟಣಸ್ವಾಮಿಯೂ ಆಗಿದ್ದ. ಆ ಬಸದಿಯ ರಕ್ಷಣೆಯ ಹೊಣೆ ಅಲ್ಲಿಯ ನಕರದ ವರ್ತಕರದಾಗಿತ್ತು. ‘ನಗರ ಜಿನಾಲಯ’ ಎಂಬ ಹೆಸರಿಗೆ ಅದೇ ಕಾರಣ. ಇಂಥ ದಾನಶಾಸನಗಳಲ್ಲಿ ಅಂಗಡಿ, ಗಾಣ, ಹೂದೋಟ, ಮನೆಯ ನಿವೇಶನಗಳ ವಿವರ ದೊರೆಯುತ್ತದೆ. ನಿವೇಶನದ ಅಗಲ ಎಷ್ಟು ಕೈ, ನೀಳ ಎಷ್ಟು ಕೈ, ಯಾವ ದಿಕ್ಕಿಗೆ ಯಾವ ಕೇರಿ ಎಂಬುದನ್ನು ಕೂಡ ಕಲ್ಲಿನಲ್ಲಿ ಕಂಡರಿಸಿದ್ದುಂಟು. ಊರಿನ ಸಮಸ್ತ ನಕರಗಳೂ ಮಹಾಜನಗಳೂ ನೆರೆದಿದ್ದು ದಾನವನ್ನು ಒಪ್ಪುತ್ತಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ತೆರಿಗೆ, ಭೂಬಳಕೆ ಮತ್ತು ನೀರು ಈ ಮೂರೂ ಒಂದೇ ಸಭೆಯ ಮುಂದೆ ಬರುತ್ತಿದ್ದವು.

ಇದನ್ನು ಸುವರ್ಣಯುಗವೆಂದು ಭಾವಿಸಬೇಕಾಗಿಲ್ಲ. ನಕರವು ಸೆಟ್ಟಿಗಳ ಸಭೆ; ಮಹಾಜನವು ಅಗ್ರಹಾರದ ಬ್ರಾಹ್ಮಣರ ಸಭೆ. ಕುಂಬಾರ, ಅಗಸ, ಹೊಲೆಯ, ಮಾದಿಗರಿಗೆ ಅಲ್ಲಿ ಮಾತಿರಲಿಲ್ಲ. ಊರಿನ ನಕ್ಷೆಯಲ್ಲಿ ಅವರ ಕೇರಿಗಳು ಎಲ್ಲಿರಬೇಕೆಂಬುದನ್ನು ಬೇರೆಯವರು ತೀರ್ಮಾನಿಸುತ್ತಿದ್ದರು. ನಿರ್ಧರಿಸುವವರು ಊರಿನಲ್ಲಿಯೇ ಇದ್ದು ನಿರ್ಧಾರದ ಫಲವನ್ನು ತಾವೂ ಉಣ್ಣುತ್ತಿದ್ದರು ಎಂಬುದು ಆ ವ್ಯವಸ್ಥೆಯ ಗುಣ. ಉಣ್ಣುವವರೆಲ್ಲರೂ ನಿರ್ಧರಿಸುವವರಾಗಿರಲಿಲ್ಲ ಎಂಬುದು ಅದರ ದೋಷ. ಮುಂದಿನ ಇತಿಹಾಸವನ್ನು ಓದುವಾಗ ಈ ಎರಡನ್ನೂ ನೆನಪಿನಲ್ಲಿಡುವುದು ಒಳ್ಳೆಯದು.

ಪೇಟೆಯ ರಚನೆ

1537ರಲ್ಲಿ ಕೆಂಪೇಗೌಡರು ಬೆಂಗಳೂರಿನ ಮಣ್ಣಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿದರೆಂಬುದು ಪ್ರಸಿದ್ಧವಾದ ಸಂಗತಿ. ದಕ್ಷಿಣೋತ್ತರವಾಗಿ ದೊಡ್ಡಪೇಟೆ, ಪೂರ್ವಪಶ್ಚಿಮವಾಗಿ ಚಿಕ್ಕಪೇಟೆ, ಅವು ಕೂಡುವಲ್ಲಿ ಚೌಕ, ಊರಿನ ಸುತ್ತ ಹಲಸೂರು, ಯಲಹಂಕ, ಕೆಂಗೇರಿ, ಆನೇಕಲ್ಲುಗಳ ಕಡೆಗೆ ಬಾಗಿಲುಗಳು. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ ಎಂಬ ಹೆಸರುಗಳನ್ನು ನೋಡಿದರೆ ಪ್ರತಿ ಕಸುಬಿಗೂ ಸರಕಿಗೂ ಒಂದೊಂದು ನೆಲೆಯಿದ್ದುದು ತಿಳಿಯುತ್ತದೆ.

ಇದೂ ಒಂದು ರೀತಿಯ ವಲಯ ವಿಂಗಡಣೆಯೇ. ಆದರೆ ಇಂದಿನ ವಲಯ ನಿಯಮಾವಳಿಗಿಂತ ಮೂಲತಃ ಭಿನ್ನವಾದುದು. ಇಂದಿನ ನಿಯಮವು ಮನೆಯನ್ನು ಅಂಗಡಿಯಿಂದ ಬೇರ್ಪಡಿಸುತ್ತದೆ. ಪೇಟೆಯ ಕ್ರಮವು ಒಂದು ಕಸುಬನ್ನು ಇನ್ನೊಂದರಿಂದ ಬೇರ್ಪಡಿಸುತ್ತಿತ್ತೇ ಹೊರತು ಬದುಕನ್ನು ಕಸುಬಿನಿಂದ ಬೇರ್ಪಡಿಸುತ್ತಿರಲಿಲ್ಲ. ಬೀದಿಗೆ ಮುಖವಾದ ಜಗುಲಿಯಲ್ಲಿ ವ್ಯಾಪಾರ, ಅದರ ಹಿಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಹಿತ್ತಲಲ್ಲಿ ಮಗ್ಗವೋ ಗಾಣವೋ ಕೊಟ್ಟಿಗೆಯೋ ಇರುತ್ತಿತ್ತು. ಗಾಡಿ, ಹೇರೆತ್ತು, ಕಾಲ್ನಡಿಗೆಗಳಿಗೆ ತಕ್ಕಷ್ಟು ಅಗಲದ ಬೀದಿ ಇದ್ದರೆ ಸಾಕಾಗಿತ್ತು. ಜಗುಲಿಯೆಂಬುದು ಅರ್ಧ ಮನೆಯದು, ಅರ್ಧ ಬೀದಿಯದು. ಹಿರಿಯರ ಕ್ರಯಪತ್ರದಲ್ಲಿ ಬೀದಿಯ ಅಳತೆ ಇಲ್ಲದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

1862: ಪುರಸಭೆಯ ಆರಂಭ

1809ರಲ್ಲಿ ಬ್ರಿಟಿಷರು ಪೇಟೆಯ ಪೂರ್ವಕ್ಕೆ ದಂಡು ಪ್ರದೇಶವನ್ನು ಸ್ಥಾಪಿಸಿದ ಮೇಲೆ ಬೆಂಗಳೂರು ಎರಡು ಊರಾಯಿತು. 1831ರಿಂದ ಮೈಸೂರು ಸಂಸ್ಥಾನವು ಕಮಿಷನರುಗಳ ಆಡಳಿತದಲ್ಲಿತ್ತು. ಬೌರಿಂಗ್ ಕಮಿಷನರ್ ಆಗಿದ್ದಾಗ, 1862ರ ಮಾರ್ಚ್ 27ರಂದು, ಪಟ್ಟಣಗಳ ಸುಧಾರಣೆಗಾಗಿ ರಚಿತವಾಗಿದ್ದ 1850ರ ಕಾಯಿದೆಯ ಪ್ರಕಾರ ಪೇಟೆಯ ಒಂಬತ್ತು ಮಂದಿ ಪ್ರಮುಖರ ಪುರಮಂಡಳಿ ರಚನೆಯಾಯಿತು. ಅದೇ ವರ್ಷ ದಂಡು ಪ್ರದೇಶಕ್ಕೂ ಬೇರೆ ಮಂಡಳಿ ಬಂತು. ಇವೇ ಇಂದಿನ ಬೆಂಗಳೂರಿನ ಪೌರಾಡಳಿತದ ಬೀಜಗಳು.

ಈ ಮಂಡಳಿಗಳ ಮುಖ್ಯ ಕೆಲಸ ರಸ್ತೆ ದುರಸ್ತಿ, ಕಸ ವಿಲೇವಾರಿ, ದೀಪ, ನೀರು ಮತ್ತು ಅವುಗಳ ಖರ್ಚಿಗಾಗಿ ತೆರಿಗೆ ವಸೂಲಿ. ಕಾಲಕ್ರಮದಲ್ಲಿ ತೆರಿಗೆ ಕೊಡುವವರು ಆರಿಸಿದ ಸದಸ್ಯರು ಮಂಡಳಿಯೊಳಗೆ ಬಂದರು. 1913ರಲ್ಲಿ ಗೌರವ ಅಧ್ಯಕ್ಷ ಪದವಿ ಏರ್ಪಟ್ಟಿತು. ಏಳು ವರ್ಷಗಳ ಅನಂತರ ಅದು ಚುನಾಯಿತ ಪದವಿಯಾಯಿತು. ಈ ಕಾಲದ ಅಧ್ಯಕ್ಷರಲ್ಲಿ ಸರ್ ಕೆ. ಪಿ. ಪುಟ್ಟಣ್ಣಚೆಟ್ಟಿಯವರ ಹೆಸರು ಪ್ರಸಿದ್ಧ. 1935ರಲ್ಲಿ ಪೂರ್ಣಗೊಂಡ ಪುರಭವನ ಅವರ ಹೆಸರನ್ನೇ ಹೊತ್ತು ನಿಂತಿದೆ. ವರ್ತಕ ಸಮುದಾಯದ ಗಣ್ಯರೊಬ್ಬರು ಊರಿನ ಆಡಳಿತದ ಮುಂಚೂಣಿಯಲ್ಲಿದ್ದ ಆ ಚಿತ್ರದಲ್ಲಿ ಹಳೆಯ ಪಟ್ಟಣಸ್ವಾಮಿಯ ಛಾಯೆಯನ್ನು ಕಾಣುವುದು ಅಸಹಜವಲ್ಲ. ಆದರೆ ವ್ಯತ್ಯಾಸವೊಂದಿತ್ತು. ಪಟ್ಟಣಸ್ವಾಮಿಯ ಕಾಲದಲ್ಲಿ ಸಭೆ ಮೊದಲೇ ಇತ್ತು, ಅರಸ ಅದನ್ನು ಮನ್ನಿಸುತ್ತಿದ್ದ. 1862ರ ಮಂಡಳಿಯನ್ನು ಸರ್ಕಾರವೇ ಸೃಷ್ಟಿಸಿತು. ಸೃಷ್ಟಿಸಿದವರಿಗೆ ಅದರ ಅಧಿಕಾರವನ್ನು ಹಿಗ್ಗಿಸುವ, ಕುಗ್ಗಿಸುವ ಹಕ್ಕೂ ಉಳಿಯಿತು. ಮುಂದೆ ನಡೆದುದೆಲ್ಲವೂ ಈ ಬಿಂದುವಿನಿಂದ ಹೊರಟದ್ದು.

ಪ್ಲೇಗು ಮತ್ತು ಟ್ರಸ್ಟ್ ಬೋರ್ಡು

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಸಾವಿರಾರು ಜನ ಸತ್ತರು. ಬದುಕುಳಿದವರು ಪೇಟೆಯನ್ನು ತೊರೆದು ಊರಾಚೆ ಗುಡಿಸಲು ಹಾಕಿಕೊಂಡರು. ಪ್ಲೇಗು ಮಾರಮ್ಮನ ಗುಡಿಗಳು ಆ ಭೀತಿಯ ಸಾಕ್ಷಿಗಳಾಗಿ ಇಂದಿಗೂ ಉಳಿದಿವೆ. ಇಕ್ಕಟ್ಟಾದ ಮನೆ, ಗಾಳಿಬೆಳಕಿಲ್ಲದ ಓಣಿ, ಬಚ್ಚಲ ನೀರು ನಿಲ್ಲುವ ಹಿತ್ತಲು ಇವೇ ರೋಗದ ಮೂಲವೆಂದು ಅಧಿಕಾರಿಗಳೂ ವೈದ್ಯರೂ ಭಾವಿಸಿದರು. 1892ರ ಸುಮಾರಿಗೆ ಆರಂಭವಾಗಿದ್ದ ಹೊಸ ಬಡಾವಣೆಗಳ ಕೆಲಸ ಈಗ ಚುರುಕಾಯಿತು. ಚಾಮರಾಜಪೇಟೆಯ ಜೊತೆಗೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲವಾದ ನೇರ ರಸ್ತೆಗಳು, ಸಂಖ್ಯೆಯಿಂದ ಕರೆಯುವ ಅಡ್ಡರಸ್ತೆಗಳು, ಮನೆಗಳ ಬೆನ್ನಿಗೆ ಜಾಡಮಾಲಿಗಳು ಓಡಾಡುವ ಗಲ್ಲಿಗಳು, ಉದ್ಯಾನ, ಮಾರುಕಟ್ಟೆ ಎಲ್ಲವೂ ನಕ್ಷೆಯಂತೆ ಬಂದವು. ನಿವೇಶನಗಳನ್ನು ಸಮುದಾಯವಾರು ವಿಂಗಡಿಸಿ ಕೊಡುವ ಪದ್ಧತಿಯೂ ಇತ್ತೆಂಬುದನ್ನು ಮರೆಯುವಂತಿಲ್ಲ. ಹೊಸ ನಕ್ಷೆಯೊಳಗೂ ಹಳೆಯ ಕೇರಿ ನುಸುಳಿತ್ತು.

ಪ್ಲೇಗಿನ ಇನ್ನೊಂದು ಫಲ ಆಡಳಿತಕ್ಕೆ ಸಂಬಂಧಿಸಿದ್ದು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದ ಮೇಲೆ ಅಲ್ಲಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ಕೊಳೆಗೇರಿಗಳನ್ನು ತೆರವುಗೊಳಿಸಿ ರಸ್ತೆ ತೆಗೆಯುವ, ಜಮೀನನ್ನು ಸ್ವಾಧೀನಪಡಿಸಿಕೊಂಡು ಬಡಾವಣೆ ಮಾಡುವ ಕೆಲಸ ಪೌರಸಭೆಯಿಂದಾಗದು, ಅದಕ್ಕೆ ಪ್ರತ್ಯೇಕ ಸಂಸ್ಥೆ ಬೇಕೆಂಬುದು ಅದರ ಹಿಂದಿನ ತರ್ಕ. ಮೈಸೂರಿನಲ್ಲಿ 1903ರಲ್ಲಿಯೇ ನಗರ ಸುಧಾರಣಾ ಟ್ರಸ್ಟ್ ಬೋರ್ಡು ರಚನೆಯಾಯಿತು. ಮೈಸೂರಿನ ವಿಶಾಲವಾದ ರಸ್ತೆಗಳನ್ನೂ ವೃತ್ತಗಳನ್ನೂ ಹೊಗಳುವಾಗ ಈ ಬೋರ್ಡಿನ ಶ್ರಮವನ್ನು ನೆನೆಯುವುದು ನ್ಯಾಯ. ಬೆಂಗಳೂರಿಗೆ ಇಂಥದೇ ಟ್ರಸ್ಟ್ ಬೋರ್ಡು 1945ರ ಕಾಯಿದೆಯಿಂದ ಬಂತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಹುಟ್ಟಿದ ಈ ಸಂಸ್ಥೆಯ ಕಾಲದಲ್ಲಿಯೇ ಜಯನಗರದಂಥ ಬಡಾವಣೆಗಳು ರೂಪುಗೊಂಡವು.

ಇಲ್ಲಿ ಕಾಲಕ್ರಮವನ್ನು ಗಮನಿಸಬೇಕು. 1947ರಲ್ಲಿ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಎರಡೂ ಪುರಸಭೆಗಳು ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. 1950ರಲ್ಲಿ ಮೊದಲ ಚುನಾವಣೆ ನಡೆದು, ಎಪ್ಪತ್ತು ಮಂದಿ ಚುನಾಯಿತರ ಸಭೆ ಕೂಡಿತು, ಮೇಯರ್ ಪದವಿ ಬಂತು. ಅಂದರೆ ಊರಿನ ಎಲ್ಲ ವಯಸ್ಕರೂ ತಮ್ಮ ಪ್ರತಿನಿಧಿಗಳನ್ನು ಆರಿಸುವ ಕಾಲ ಬರುವ ವೇಳೆಗೆ, ಊರು ಎತ್ತ ಬೆಳೆಯಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಆಗಲೇ ಬೇರೆಡೆಗೆ ಹೋಗಿತ್ತು. ನಕರದ ಕಾಲದಲ್ಲಿ ಸಭೆಗೆ ಅಧಿಕಾರವಿತ್ತು, ಬಹುಜನರಿಗೆ ಸಭೆಯಲ್ಲಿ ಸ್ಥಾನವಿರಲಿಲ್ಲ. ಈಗ ಬಹುಜನರಿಗೆ ಸ್ಥಾನ ದೊರೆತಾಗ ಸಭೆಗೆ ಆ ಅಧಿಕಾರ ಉಳಿದಿರಲಿಲ್ಲ.

ಅನಂತರದ ದಶಕಗಳಲ್ಲಿ ಈ ಪ್ರವೃತ್ತಿ ಮುಂದುವರಿಯಿತು. ಬಸ್ ಸಂಚಾರ 1956ರಲ್ಲಿ ಸರ್ಕಾರದ ಕೈಸೇರಿತು. 1964ರ ಕಾಯಿದೆಯಿಂದ ಕುಡಿಯುವ ನೀರು ಮತ್ತು ಒಳಚರಂಡಿಗೆ ಪ್ರತ್ಯೇಕ ಮಂಡಳಿ ಬಂತು. 1976ರಲ್ಲಿ ಟ್ರಸ್ಟ್ ಬೋರ್ಡಿನ ಸ್ಥಾನದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ರಚನೆಯಾಗಿ, ಬಡಾವಣೆ ನಿರ್ಮಾಣವೂ ನಗರಯೋಜನೆಯೂ ಒಂದೇ ಸಂಸ್ಥೆಯಲ್ಲಿ ಸೇರಿದವು. ಪ್ರಾಧಿಕಾರದ ಮಂಡಳಿಯಲ್ಲಿ ಪಾಲಿಕೆಗೆ ಕೆಲವು ಸ್ಥಾನಗಳಿದ್ದರೂ ಅದು ಪಾಲಿಕೆಗೆ ಉತ್ತರ ಹೇಳಬೇಕಾದ ಸಂಸ್ಥೆಯಲ್ಲ. ಒಂದೊಂದು ಸಂಸ್ಥೆಯ ಹುಟ್ಟಿಗೂ ಅದರದೇ ಆದ ಸಕಾರಣವಿತ್ತು. ದಕ್ಷತೆ, ತಾಂತ್ರಿಕ ಪರಿಣತಿ, ಬಂಡವಾಳಗಳ ಅಗತ್ಯವಿತ್ತು. ಆದರೆ ಎಲ್ಲವನ್ನೂ ಕೂಡಿಸಿ ನೋಡುವ ಸ್ಥಳವೊಂದು ಇಲ್ಲದಾಯಿತು. ಒಬ್ಬರು ಡಾಂಬರು ಹಾಕಿದ ರಸ್ತೆಯನ್ನು ಮರುವಾರವೇ ಇನ್ನೊಬ್ಬರು ಕೊಳವೆಗಾಗಿ ಅಗೆಯುವ ದೃಶ್ಯ ಯಾರಿಗೆ ತಾನೆ ಅಪರಿಚಿತ?

ಬಣ್ಣಗಳ ನಕ್ಷೆ

ಇನ್ನು ವಲಯ ನಿಯಮಾವಳಿಯ ವಿಷಯ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ನಮ್ಮ ರಾಜ್ಯದ ಎಲ್ಲ ಮಹಾಯೋಜನೆಗಳಿಗೂ ಆಧಾರ. ಅದರ ಪ್ರಕಾರ ಊರಿನ ಪ್ರತಿ ತುಂಡು ಭೂಮಿಗೂ ಒಂದು ಬಳಕೆಯನ್ನು ನಿಗದಿಪಡಿಸಿ, ನಕ್ಷೆಯಲ್ಲಿ ಬಣ್ಣ ತುಂಬಲಾಗುತ್ತದೆ. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಕಟ್ಟಡಗಳಿಗೆ ಕೆಂಪು, ಉದ್ಯಾನ ಮತ್ತು ಬಯಲಿಗೆ ಹಸಿರು. ಬಣ್ಣಕ್ಕೆ ವಿರುದ್ಧವಾದ ಬಳಕೆ ಬೇಕಾದರೆ ಯೋಜನಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಿ, ಸರ್ಕಾರದ ಅನುಮೋದನೆ ಪಡೆದ ಮೇಲೆ ಬದಲಾವಣೆ ಆಗುತ್ತದೆ. ಪತ್ರಿಕೆಯ ಒಳಪುಟದಲ್ಲಿ ಸರ್ವೆ ನಂಬರು, ಚೆಕ್ಕುಬಂದಿಗಳೊಡನೆ ಸಣ್ಣ ಅಕ್ಷರಗಳಲ್ಲಿ ಬರುವ ಆ ಪ್ರಕಟಣೆಯನ್ನು ಬೀದಿಯ ಎಷ್ಟು ಜನ ಓದುತ್ತಾರೆ?

ಪೇಟೆಯ ಮನೆಗೆ ಯಾವ ಬಣ್ಣ ಹಚ್ಚಬೇಕು? ಜಗುಲಿ ನೀಲಿ, ಪಡಸಾಲೆ ಹಳದಿ, ಹಿತ್ತಲ ಮಗ್ಗ ನೇರಳೆಯೇ? ಇದು ಹಾಸ್ಯದ ಮಾತಲ್ಲ. ಒಂದು ಬಣ್ಣ ಹಚ್ಚಿದೊಡನೆ ಆ ಮನೆಯ ಬದುಕಿನ ಒಂದು ಭಾಗ ಕಾನೂನಿಗೆ ವಿರುದ್ಧವಾಗುತ್ತದೆ. ಇದಕ್ಕೆ ತದ್ವಿರುದ್ಧವಾದ ಸಂಕಟವೂ ಉಂಟು. 2007ರಲ್ಲಿ ಅನುಮೋದನೆ ಪಡೆದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು ಅನೇಕ ವಸತಿ ಪ್ರದೇಶಗಳಲ್ಲಿ ವಾಣಿಜ್ಯ ಬಳಕೆಗೆ ಅವಕಾಶ ಕೊಟ್ಟಾಗ ಶಾಂತವಾದ ಬಡಾವಣೆಗಳ ನಿವಾಸಿಗಳು ಪ್ರತಿಭಟಿಸಿದರು. ವಿಷಯ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಒಂದು ಕಡೆ ಬೆರಕೆಯನ್ನು ನಿಷೇಧಿಸಿದ್ದರಿಂದ ದುಃಖ, ಇನ್ನೊಂದು ಕಡೆ ಬೆರಕೆಯನ್ನು ಹೇರಿದ್ದರಿಂದ ದುಃಖ. ಆಯಾ ಬೀದಿಗೆ ಏನು ಹೊಂದುತ್ತದೆಂಬುದನ್ನು ಆ ಬೀದಿಯವರೊಡನೆ ಕುಳಿತು ತೀರ್ಮಾನಿಸದಿದ್ದುದೇ ಎರಡಕ್ಕೂ ಸಮಾನವಾದ ಕಾರಣವೆಂದು ನನಗೆ ತೋರುತ್ತದೆ.

ರಸ್ತೆ ಅಗಲೀಕರಣದ ಕಥೆಯೂ ಹೀಗೆಯೇ. ಅವೆನ್ಯೂ ರಸ್ತೆಯನ್ನು ಅಗಲಗೊಳಿಸುವ ಪ್ರಸ್ತಾಪ ಬಂದಾಗ ಅಲ್ಲಿಯ ವರ್ತಕರು ತೀವ್ರವಾಗಿ ವಿರೋಧಿಸಿದರು. ಜಾಗ ಕಳೆದುಕೊಂಡವರಿಗೆ ಹಣದ ಬದಲು ಅಭಿವೃದ್ಧಿ ಹಕ್ಕಿನ ಪತ್ರವನ್ನು ಕೊಡುವ ಕ್ರಮ ಕಾನೂನಿನಲ್ಲಿದೆ. ಆದರೆ ಹನ್ನೆರಡು ಅಡಿ ಅಗಲದ ಅಂಗಡಿಯವನಿಗೆ ಮೂರನೆಯ ಮಹಡಿಯನ್ನು ಕಟ್ಟುವ ಹಕ್ಕಿನಿಂದ ಏನು ಪ್ರಯೋಜನ? ಅಂಗಡಿಯ ಬಾಡಿಗೆದಾರನಿಗಂತೂ ಆ ಪತ್ರವೂ ಇಲ್ಲ. ಇನ್ನು ಕೆರೆಗಳ ಮಾತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಕೋರಮಂಗಲದ ಕೆರೆಯ ನೆಲದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ ಎದ್ದಿತು. ಕೆರೆ ಕಟ್ಟಿಸಿದವನನ್ನು ಶಾಸನದಲ್ಲಿ ಸ್ತುತಿಸಿದ ನಾಡಿನಲ್ಲಿ ಕೆರೆಯ ಅಂಗಳವು ನಕ್ಷೆಯ ಮೇಲೆ ಖಾಲಿ ಜಾಗವಾಗಿ ಕಂಡಿತು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಎಂಬ ವಿದ್ವಾಂಸರು 1914ರಿಂದ ಭಾರತದ ಅನೇಕ ಪಟ್ಟಣಗಳನ್ನು ಸುತ್ತಿ ವರದಿಗಳನ್ನು ಬರೆದರು. ಆಗ ಮದರಾಸು ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಯೂ ಅವುಗಳಲ್ಲೊಂದು. ನೇರವಾದ ಅಗಲ ರಸ್ತೆಗಾಗಿ ಕೇರಿಗಳನ್ನು ಕತ್ತರಿಸುವ ಟ್ರಸ್ಟುಗಳ ಪದ್ಧತಿಯನ್ನು ಅವರು ವಿರೋಧಿಸಿದರು. ಬೀದಿಬೀದಿಗಳಲ್ಲಿ ನಡೆದು ನೋಡಿ, ಬಿದ್ದುಹೋದ ಒಂದೆರಡು ಮನೆಗಳ ಜಾಗವನ್ನು ಬಯಲು ಮಾಡಿ, ಒಂದು ಮೂಲೆಯನ್ನು ಸರಿಪಡಿಸಿ, ಇದ್ದ ಮರ, ಬಾವಿ, ಗುಡಿಗಳನ್ನು ಉಳಿಸಿಕೊಂಡು ಕಡಿಮೆ ಖರ್ಚಿನಲ್ಲಿ ಸುಧಾರಣೆ ಮಾಡಬಹುದೆಂದು ಅವರು ತೋರಿಸಿದರು. ಗಾಯವನ್ನು ಎಷ್ಟು ಬೇಕೋ ಅಷ್ಟೇ ಕೊಯ್ದು ದೇಹವನ್ನು ಉಳಿಸುವ ವೈದ್ಯನ ಕ್ರಮ ಅದು. ಇಂಥ ಕೆಲಸಕ್ಕೆ ದೂರದ ಕಚೇರಿಯ ನಕ್ಷೆಗಿಂತ ಬೀದಿಯನ್ನು ಬಲ್ಲವರ ಸಹಾಯ ಹೆಚ್ಚು ಬೇಕು. ವಾರ್ಡಿನ ಸದಸ್ಯನೇ ಅಂಥವನಾಗಬಲ್ಲ.

ಸಂವಿಧಾನ ಹೇಳುವುದೇನು

1992ರ ಸಂವಿಧಾನದ 74ನೆಯ ತಿದ್ದುಪಡಿ ಈ ಇತಿಹಾಸವನ್ನು ತಿರುಗಿಸುವ ಪ್ರಯತ್ನ. 1993ರ ಜೂನ್ 1ರಿಂದ ಜಾರಿಗೆ ಬಂದ ಅದು ನಗರಾಡಳಿತ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನವನ್ನು ಕೊಟ್ಟಿತು. ಹನ್ನೆರಡನೆಯ ಅನುಸೂಚಿಯಲ್ಲಿ ಹದಿನೆಂಟು ವಿಷಯಗಳಿವೆ. ಮೊದಲನೆಯದು ನಗರಯೋಜನೆ; ಎರಡನೆಯದು ಭೂಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ರಸ್ತೆ, ನೀರು, ಕಸಗಳು ಆಮೇಲೆ ಬರುತ್ತವೆ. ಪಟ್ಟಿಯ ಈ ಅನುಕ್ರಮವೇ ಅರ್ಥಪೂರ್ಣ. ಹತ್ತು ಲಕ್ಷ ಮೀರಿದ ಮಹಾನಗರ ಪ್ರದೇಶಕ್ಕೆ ಯೋಜನಾ ಸಮಿತಿಯಿರಬೇಕು, ಅದರ ಕನಿಷ್ಠ ಮೂರನೆಯ ಎರಡು ಭಾಗ ಸದಸ್ಯರು ಸ್ಥಳೀಯ ಚುನಾಯಿತ ಪ್ರತಿನಿಧಿಗಳಿಂದಲೇ ಆರಿಸಿ ಬರಬೇಕು ಎಂದೂ ಅದು ಹೇಳಿತು. ಆದರೆ ಈ ವಿಷಯಗಳನ್ನು ಪಾಲಿಕೆಗೆ ವಹಿಸುವುದು ರಾಜ್ಯ ಶಾಸಕಾಂಗದ ವಿವೇಚನೆಗೆ ಬಿಟ್ಟ ಸಂಗತಿ. ಬೆಂಗಳೂರಿನಲ್ಲಿ ಅಂಥ ಸಮಿತಿ ರಚನೆಯಾಗುವುದಕ್ಕೇ ಎರಡು ದಶಕಗಳು ಹಿಡಿದವು.

ಅನಂತರದ ಬೆಳವಣಿಗೆಗಳು ಎಲ್ಲರಿಗೂ ತಿಳಿದವು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಮಹಾನಗರ ಪಾಲಿಕೆ ರಚನೆಯಾಯಿತು. 198 ವಾರ್ಡುಗಳ ಆ ಪಾಲಿಕೆಗೆ 2010ರಲ್ಲಿ ಮೊದಲ ಚುನಾವಣೆ ನಡೆಯಿತು. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ ಐದು ವರ್ಷಗಳ ಕಾಲ ಸಭೆಯೇ ಕೂಡಲಿಲ್ಲ. ಆಡಳಿತಾಧಿಕಾರಿಗಳೇ ಊರನ್ನು ನಡೆಸಿದರು. 2024ರ ಕಾಯಿದೆಯಂತೆ 2025ರಲ್ಲಿ ಬೃಹತ್ ಪಾಲಿಕೆಯ ಸ್ಥಾನದಲ್ಲಿ ಐದು ಪಾಲಿಕೆಗಳು ಬಂದಿವೆ. ಅವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಯೋಜನೆಯ ಅಧಿಕಾರ ಈ ಪ್ರಾಧಿಕಾರಕ್ಕೆ ಸೇರಿದೆ. ಹಲವು ಸಂಸ್ಥೆಗಳನ್ನು ಕೂಡಿಸಿ ನೋಡುವ ಸ್ಥಳವೊಂದು ದೊರೆತಿರಬಹುದು. ಆದರೆ ಬೀದಿಯಿಂದ ನಕ್ಷೆಗಿರುವ ದೂರ ಕಡಿಮೆಯಾಯಿತೇ ಎಂಬ ಪ್ರಶ್ನೆ ಉಳಿದೇ ಇದೆ.

ನಗರಸಭೆಗಳಿಗೆ ಎಲ್ಲವನ್ನೂ ವಹಿಸಿದರೆ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ನಿವೇಶನದ ವ್ಯವಹಾರ ಮಾಡುವವರೇ ಸದಸ್ಯರಾಗಿ ಬರುವುದನ್ನು, ಉಳ್ಳವರ ಬೀದಿಗೆ ಮೊದಲು ಡಾಂಬರು ಬೀಳುವುದನ್ನು ನಾವು ಕಂಡಿದ್ದೇವೆ. ಮಳೆನೀರಿನ ಕಾಲುವೆಗೂ ರೈಲುಮಾರ್ಗಕ್ಕೂ ಒಂದು ವಾರ್ಡಿನ ಗಡಿ ತಿಳಿಯದು. ಅವಕ್ಕೆ ಇಡೀ ಪ್ರದೇಶವನ್ನು ನೋಡುವ ಯೋಜನೆ ಬೇಕು, ಪರಿಣತರು ಬೇಕು. ಆದರೆ ತಪ್ಪು ಮಾಡಿದ ಸದಸ್ಯನನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳುಹಿಸಬಹುದು. ತಪ್ಪಾದ ನಕ್ಷೆಯನ್ನು ಬರೆದವರು ಯಾರೆಂಬುದೇ ಬೀದಿಯ ಜನಕ್ಕೆ ತಿಳಿಯುವುದಿಲ್ಲ. ಆದ್ದರಿಂದ ದೊಡ್ಡ ರೇಖೆಗಳನ್ನು ಮೇಲಿನವರು ಎಳೆದರೂ ಬೀದಿಯ ಅಗಲ, ಜಗುಲಿಯ ಬಳಕೆ, ಕೆರೆಯ ಅಂಚು, ಸಂತೆಯ ಸ್ಥಳ ಇಂಥವನ್ನು ತೀರ್ಮಾನಿಸುವ ಅಧಿಕಾರ ಚುನಾಯಿತ ಸಭೆಗೆ, ಅದರ ಕೆಳಗೆ ವಾರ್ಡು ಸಮಿತಿಗೆ ಇರುವುದು ಉಚಿತ. ಸಂವಿಧಾನದ ಆಶಯವೂ ಇದೇ.

ಕೊನೆಗೆ ನಮ್ಮೂರಿನ ಸಭೆಗೆ ಮರಳುತ್ತೇನೆ. ಸದಸ್ಯೆಯ ಪ್ರಶ್ನೆಗೆ ಉತ್ತರ ಬಾರದಿದ್ದರೂ ಅದು ವ್ಯರ್ಥವಾಗಲಿಲ್ಲ. ಅಭಿಪ್ರಾಯವನ್ನಷ್ಟೇ ಕಳುಹಿಸಬಹುದಾದರೆ ಅದನ್ನಾದರೂ ಸರಿಯಾಗಿ ಕಳುಹಿಸೋಣವೆಂದು ಅವರೇ ಪಟ್ಟುಹಿಡಿದರು. ಸಭೆಯನ್ನು ಹದಿನೈದು ದಿನ ಮುಂದೂಡಿ, ಐದು ಮಂದಿ ಸದಸ್ಯರು ಪೇಟೆಬೀದಿಯನ್ನು ಟೇಪು ಹಿಡಿದು ಅಳೆದರು. ಬೀದಿಯ ಇಕ್ಕಟ್ಟಿಗೆ ಮನೆಗಳಿಗಿಂತ ಎರಡೂ ಬದಿಗೆ ದಿನವಿಡೀ ನಿಲ್ಲುವ ವಾಹನಗಳೂ ಹಗಲಿನಲ್ಲಿ ಸರಕು ಇಳಿಸುವ ಲಾರಿಗಳೂ ಹೆಚ್ಚು ಕಾರಣವೆಂದು ಕಂಡಿತು. ಲಾರಿಗಳಿಗೆ ರಾತ್ರಿಯ ವೇಳೆ, ವಾಹನಗಳಿಗೆ ಏಕಮುಖ ಸಂಚಾರ, ನಿಲುಗಡೆಗೆ ಹಳೆಯ ಸಂತೆ ಮೈದಾನ ಇವನ್ನು ಮೊದಲು ಪ್ರಯೋಗಿಸಿ ನೋಡಬೇಕು, ಅಲ್ಲಿಯವರೆಗೆ ಮನೆಗಳನ್ನು ಕೆಡವಬಾರದು ಎಂದು ಸಭೆ ಸರ್ವಾನುಮತದಿಂದ ನಿರ್ಣಯಿಸಿತು. ಭೂಬಳಕೆಯ ಕೋರಿಕೆಗೆ ಅಕ್ಕಪಕ್ಕದ ನಿವಾಸಿಗಳ ಹೇಳಿಕೆಗಳನ್ನು ಲಗತ್ತಿಸಿ ಕಳುಹಿಸಿತು. ಇದುವರೆಗೆ ಎರಡಕ್ಕೂ ಉತ್ತರ ಬಂದಿಲ್ಲ.

ಹಿರಿಯರು ತಮ್ಮ ಕ್ರಯಪತ್ರವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಅದರ ಜೊತೆಗೆ, ಸದಸ್ಯರು ಅಂದು ಅಳೆದ ಬೀದಿಯ ಅಗಲವನ್ನು ಒಂದು ಹಾಳೆಯಲ್ಲಿ ನನ್ನಿಂದ ಬರೆಸಿ, ದಿನಾಂಕ ಹಾಕಿಸಿ ಸೇರಿಸಿದ್ದಾರೆ. ಮುಂದೆ ಯಾರಾದರೂ ಕೇಳಿದರೆ ಹೇಳುವುದಕ್ಕೆ ಇರಲಿ ಎಂಬುದು ಅವರ ಮಾತು.